ಅಪ್ಪ ಬಿಡಿಸಿದ ಎರೆಭೂತ

ಕಳೆದ ಚೈತ್ರದಲ್ಲಿ ಊರಿಗೆ ಹೊರಟಿದ್ದೆ. ಅಮೀನಗಡ ಬಿಟ್ಟ ಮೇಲೆ ಬಸ್ಸಿಗೆ ವೇಗ ಬಂತು. ಕರದಂಟಿನ ಅಂಗಡಿಗಳ ಬೆಲ್ಲದ ಪಾಕದ ವಾಸನೆ ಇನ್ನೂ ಬಸ್ಸಿನೊಳಗೇ ಸುಳಿದಾಡುತ್ತಿತ್ತು. ನೀರು ಕುಡಿದು ಖಾಲಿಯಾದ ಬಾಟಲಿಯನ್ನು ಮುಚ್ಚಳ ಹಾಕದೆ ಕಿಟಕಿಯ ಹತ್ತಿರ ಹಿಡಿದು ಕೂತಿದ್ದೆ. ಗಾಳಿ ಅದರ ಬಾಯಿಯ ಮೇಲೆ ಅಡ್ಡ ಹಾಯ್ದು ಹೂಂ ಎಂದಿತು. ಒಮ್ಮೆ ನಿಂತು, ಮತ್ತೆ ಹೂಂ ಎಂದಿತು. ಪಕ್ಕದಲ್ಲಿದ್ದ ಹೆಂಗಸು, "ಬಾಟ್ಲಿ ಮಾತಾಡಾಕ ಹತ್ತೈತಿ ನೋಡವಾ" ಎಂದು ನಕ್ಕಳು. ನಾನೂ ನಕ್ಕಿರಬೇಕು. ಆದರೆ ಆ ದನಿಯನ್ನು ನಾನು ಬಲ್ಲೆ. ಯಾರದೋ ಎದೆಯೊಳಗಿಂದ ಹೊರಟು, ನೆಲದ ಮೇಲೆ ಉರುಳಿಕೊಂಡು ಬಂದು, ಎಲ್ಲಿಂದ ಬಂತೆಂದು ತಿಳಿಯುವ ಮೊದಲೇ ಮುಗಿದುಹೋಗುವ ದನಿ ಅದು. ಮುಚ್ಚಳ ತಿರುಗಿಸಿದೆ. ಬಾಟಲಿಯನ್ನು ಚೀಲದ ತಳಕ್ಕೆ ಹಾಕಿ ಗುಡೂರು ಬರುವವರೆಗೂ ಕೈ ಕಟ್ಟಿಕೊಂಡು ಕೂತೆ.

ನಮ್ಮ ಊರು ಗುಡೂರಿನಿಂದ ಒಳಗೆ, ಡಾಂಬರು ಮುಗಿದ ಮೇಲೂ ಸ್ವಲ್ಪ ದೂರ. ನಮ್ಮದು ಮಣ್ಣಿನ ಗೋಡೆಯ ಮಾಳಿಗೆ ಮನೆ. ಬಾಗಿಲು ದಾಟಿದ ಕೂಡಲೇ ಎತ್ತು ಕಟ್ಟುವ ಜಾಗ, ಅದಕ್ಕಿಂತ ತುಸು ಎತ್ತರದಲ್ಲಿ ಪಡಸಾಲೆ, ಅದರ ಹಿಂದೆ ಕತ್ತಲೆಯ ಅಡುಗೆಮನೆ. ಜೋಳದ ದಂಟು, ಎತ್ತಿನ ಮೈ, ಒಲೆಯ ಮೇಲೆ ಸುಟ್ಟ ರೊಟ್ಟಿ, ಆಯಿಯ ಹಣೆಯ ಮೇಲಿನ ಬೀರಪ್ಪ ದೇವರ ಭಂಡಾರದ ಅರಿಶಿನ, ಇವೆಲ್ಲ ಕೂಡಿ ಒಂದೇ ವಾಸನೆಯಾಗಿದ್ದವು. ಆಯಿ ಎಂದರೆ ಅಪ್ಪನ ತಾಯಿ. ಅಪ್ಪ ಊರಿನ ಶಾಲೆಯ ಮಾಸ್ತರ. ಅಪ್ಪನ ತಮ್ಮ ಭೀಮಪ್ಪ ಕಾಕಾ ಹೊಲ ನೋಡುತ್ತಿದ್ದರು. ಅವ್ವ, ಕಾಕಾನ ಹೆಂಡತಿ ಕಾಕೂ, ಅವರ ಇಬ್ಬರು ಮಕ್ಕಳು ಮತ್ತು ನಾನು, ಎಲ್ಲರೂ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದೆವು. ಸಂಜೆ ಮಾಳಿಗೆ ಹತ್ತಿದರೆ ಮೂಡಣಕ್ಕೆ ಎರೆ ಹೊಲಗಳು ಕಾಣುತ್ತಿದ್ದವು. ಎರೆ ನಮ್ಮ ಕಡೆಯ ಕಪ್ಪು ಮಣ್ಣು. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಹೊಲಗಳಾಚೆ, ಹಳ್ಳದವರೆಗೂ, ಯಾರೂ ಉಳದ ಒಂದು ಬಯಲಿತ್ತು. ಅದನ್ನು ಹುಲ್ಲುಬನ್ನಿ ಎನ್ನುತ್ತಿದ್ದೆವು. ಅರ್ಧ ನಮ್ಮದು, ಉಳಿದದ್ದು ಊರಿನ ಬೇರೆ ಮನೆತನಗಳದು. ಶ್ರಾವಣದಲ್ಲಿ ಅದು ಹಸಿರಾಗಿ, ದೀಪಾವಳಿಯ ಹೊತ್ತಿಗೆ ಸೊಂಟದೆತ್ತರ ಬೆಳೆದು, ಚೈತ್ರದಲ್ಲಿ ಹದವಾಗಿ ಹುರಿದ ಗೋಧಿಯ ಬಣ್ಣಕ್ಕೆ ತಿರುಗುತ್ತಿತ್ತು. ಗಾಳಿ ಬಂದಾಗ ಇಡೀ ಬಯಲು ಒಂದು ಕಡೆಗೆ ಮಲಗಿ ಮತ್ತೆ ಏಳುತ್ತಿತ್ತು. ಹಳ್ಳದ ಆಚೆ ಕುರಿಗಾರರ ಹಟ್ಟಿ, ಕೆಲವೇ ಮನೆಗಳು. ನಿಮ್ಮ ಊರಿನಲ್ಲೂ ಇಂಥ ಒಂದು ನೆಲ ಇದ್ದಿರಬಹುದು, ಯಾರಿಗೂ ಹೆಚ್ಚು ಪ್ರಯೋಜನವಿಲ್ಲವೆಂದು ಎಲ್ಲರೂ ತಿಳಿದಿದ್ದ ನೆಲ. ಇದ್ದಿದ್ದರೆ, ಅದು ಈಗ ಹೇಗಿದೆಯೆಂದು ನಾನು ನಿಮ್ಮನ್ನು ಕೇಳಬೇಕಿಲ್ಲ.

ಹುಲ್ಲುಬನ್ನಿಯಲ್ಲಿ ಎರೆಭೂತವಿತ್ತು. ಹಾಗೆಂದು ಎಲ್ಲರಿಗೂ ಗೊತ್ತಿತ್ತು. ಯುಗಾದಿ ಕಳೆದು ಬಿಸಿಲು ಬಲಿತ ಮೇಲೆ, ನಸುಕಿನಲ್ಲಿ ಮತ್ತು ಹೊತ್ತು ಮುಳುಗುವಾಗ, ಅದು ಹೂಂ ಎನ್ನುತ್ತಿತ್ತು. ದೂರದಿಂದ ನೋಡಿದವರು ಬಿಳಿ ಅಂಗಿಯ ಕುಳ್ಳ ಮನುಷ್ಯನಂತಿದೆ, ತಲೆ ಇಲ್ಲ, ನಿಂತಲ್ಲೇ ಉಬ್ಬಿ ಉಬ್ಬಿ ದೊಡ್ಡದಾಗುತ್ತದೆ ಎಂದಿದ್ದರು. ನಮ್ಮ ಮುತ್ತಜ್ಜ ಒಂದು ವರ್ಷ ಅದರ ಅಂಚಿಗೆ ಎತ್ತು ಹೂಡಿದ್ದನಂತೆ, ಆ ವಾರವೇ ಎತ್ತು ಸತ್ತಿತಂತೆ. ಎಳ್ಳಮಾವಾಸ್ಯೆಯಂದು ಹೊಲಕ್ಕೆಲ್ಲ ನೈವೇದ್ಯದ ಚರಗ ಚೆಲ್ಲಿದ ಮೇಲೆ ಆಯಿ ಕೊನೆಯ ಒಂದು ಹಿಡಿಯನ್ನು, ಸಜ್ಜೆಯ ಕಡುಬು, ಬದನೆಕಾಯಿಯ ಭರ್ತ, ಪುಂಡಿಪಲ್ಲೆ ಎಲ್ಲ ಕಲಸಿದ್ದನ್ನು, ಹುಲ್ಲುಬನ್ನಿಯ ಕಡೆಗೆ ಬೆನ್ನು ತಿರುಗಿಸಿ ನಿಂತು ಹೆಗಲ ಮೇಲಿಂದ ಹಿಂದಕ್ಕೆ ಎಸೆಯುತ್ತಿದ್ದಳು. ಅದರ ಮುಖ ನೋಡಬಾರದು, ಊಟ ಮಾತ್ರ ಕೊಡಬೇಕು. ಹಿಂದಿರುಗಿ ನೋಡಲು ಹೋದ ನನ್ನ ಕತ್ತನ್ನು ಅವಳು ಎರಡೂ ಕೈಯಿಂದ ಹಿಡಿದು ಊರಿನ ಕಡೆಗೆ ತಿರುಗಿಸಿದ್ದು ನೆನಪಿದೆ. ಅವಳ ಬೆರಳುಗಳಿಗೆ ಎಳ್ಳಿನ ಹಿಂಡಿ ಅಂಟಿತ್ತು.

ಭೂತವೊಂದೇ ಆ ನೆಲವನ್ನು ಕಾಯುತ್ತಿತ್ತು ಎಂದರೆ ಸುಳ್ಳಾದೀತು. ಎತ್ತಿನ ರಂಟೆಗೆ, ಅಂದರೆ ನೇಗಿಲಿಗೆ, ಅಲ್ಲಿಯ ಬೇರು ಜಗ್ಗುತ್ತಿರಲಿಲ್ಲ. ಕುರಿಗಳಿಗೆ ಮೇವು ಬೇಕಿತ್ತು, ದನಗಳಿಗೆ ಒಣಹುಲ್ಲು ಬೇಕಿತ್ತು. ಆದರೆ ಸಂಜೆಯಾದ ಮೇಲೆ ಯಾರೂ ಅಲ್ಲಿಗೆ ಹೋಗುತ್ತಿರಲಿಲ್ಲ, ಚೈತ್ರ ವೈಶಾಖದಲ್ಲಿ ಹಗಲಿನಲ್ಲೂ ಅಂಚಿನಲ್ಲೇ ಮೇಯಿಸಿಕೊಂಡು ಬರುತ್ತಿದ್ದರು. ಆ ಎರಡು ತಿಂಗಳು ಅಲ್ಲಿ ಗೌಜಲಕ್ಕಿ, ಬುರ್ಲಿ, ಟಿಟ್ಟಿಭ, ಹಾಡುತ್ತ ಹಾಡುತ್ತ ನೆಟ್ಟಗೆ ಆಕಾಶಕ್ಕೇರಿ ಕಲ್ಲಿನಂತೆ ಕೆಳಗೆ ಬೀಳುವ ನೆಲಗುಬ್ಬಿ, ಎಲ್ಲವೂ ನೆಲದ ಮೇಲೆಯೇ ಮೊಟ್ಟೆ ಇಟ್ಟು ಮರಿ ಮಾಡಿಕೊಳ್ಳುತ್ತಿದ್ದವು. ಈ ಲೆಕ್ಕ ಯಾರ ತಲೆಯಲ್ಲೂ ಇರಲಿಲ್ಲ. ಆಯಿಯ ತಲೆಯಲ್ಲಂತೂ ಇರಲಿಲ್ಲ. ಇವತ್ತು ಕೆಲವರು ಇಂಥ ಅಜ್ಜಿಯರಿಗೆ ಎಲ್ಲ ತಿಳಿದಿತ್ತು ಎನ್ನುತ್ತಾರೆ. ನನ್ನ ಆಯಿಗೆ ಹಕ್ಕಿಯ ಚಿಂತೆ ಇರಲಿಲ್ಲ. ಅವಳು ಭೂತಕ್ಕೆ ಅಂಜುತ್ತಿದ್ದಳು, ಅಷ್ಟೇ.

ಅಪ್ಪನಿಗೆ ಬೇರೆ ಚಿಂತೆಯಿತ್ತು. ಹಟ್ಟಿಯ ಹುಡುಗಿಯರು ನಾಲ್ಕನೆಯ ಇಯತ್ತೆಯ ನಂತರ ಶಾಲೆ ಬಿಡುತ್ತಿದ್ದರು. ಹಳ್ಳ ದಾಟಿ ಊರಿಗೆ ಬರುವ ಕಾಲುದಾರಿ ಹುಲ್ಲುಬನ್ನಿಯ ನಡುವೆ ಹಾಯುತ್ತಿತ್ತು. ಶಾಲೆ ಬಿಟ್ಟು, ಆಟ ಮುಗಿಸಿ, ಮನೆ ಸೇರುವಷ್ಟರಲ್ಲಿ ಸಂಜೆಯಾಗುತ್ತದೆ, ಹೆಣ್ಣುಮಕ್ಕಳಿಗೆ ಗಾಳಿ ಬಡಿಯುತ್ತದೆ ಎಂದು ಹಿರಿಯರು ನಿಲ್ಲಿಸಿಬಿಡುತ್ತಿದ್ದರು. ಮಾಳವ್ವ ಎಂಬ ಹುಡುಗಿ ನನಗಿಂತ ಎರಡು ವರ್ಷ ದೊಡ್ಡವಳು, ಬಾಯಿ ಬಹಳ, ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ. ಅವಳೂ ಒಂದು ದಿನ ಬರಲಿಲ್ಲ. ಅಪ್ಪ ಹಟ್ಟಿಗೆ ಹೋಗಿ ಕೇಳಿದರೆ ಅವಳ ತಾಯಿ, "ಭೂತ ಬಿಡಿಸಿ ಕೊಡ್ರಿ ಮಾಸ್ತರ, ನಾಳಿನ ಕಳಿಸ್ತೇನಿ" ಎಂದಳಂತೆ. ಆಕೆ ಚೇಷ್ಟೆಗೆ ಅಂದಿದ್ದಳು. ಅಪ್ಪ ಚೇಷ್ಟೆಯೆಂದು ತಿಳಿಯಲಿಲ್ಲ. ಬಾಗಲಕೋಟೆಯ ಸಂತೆಯಲ್ಲಿ ಎಂದೋ ಕೊಂಡಿದ್ದ, ಒಂದು ಕಣ್ಣಿನ ಗಾಜು ಬಿರಿದಿದ್ದ ದುರ್ಬೀನನ್ನು ಪೆಟ್ಟಿಗೆಯಿಂದ ತೆಗೆದು ಒರೆಸಿ, ಒಂದು ವಾರ ತಾವೊಬ್ಬರೇ ಹಳ್ಳದ ದಂಡೆಯಲ್ಲಿ ಕೂತು ನೋಡಿ ಬಂದರು. ಮನೆಗೆ ಬಂದು ಏನೂ ಹೇಳಲಿಲ್ಲ. ಅವರ ಮುಖದಲ್ಲಿ ಮಾತ್ರ ಹಬ್ಬದ ಕಳೆಯಿತ್ತು.

ಮುಂದಿನ ವಾರ ಅಪ್ಪ ಶಾಲೆಯ ಮಕ್ಕಳನ್ನೆಲ್ಲ ಹೊತ್ತು ಮುಳುಗುವಾಗ ಹುಲ್ಲುಬನ್ನಿಗೆ ಕರೆದುಕೊಂಡು ಹೋದರು. ಹಟ್ಟಿಯ ಹೆಂಗಸರು ಬಂದರು. ಊರಿನ ಗಂಡಸರು ಮೋಜು ನೋಡಲು ಹಿಂದೆ ಬಂದರು. ಅವರ ಮುಂದೆ ಅಪ್ಪನ ಗೆಳೆಯ ರಾಜೇಸಾಬ, ಊರಿಗೆ ಮೊದಲ ಟ್ರ್ಯಾಕ್ಟರ್ ತಂದವನು. ಬಾಯಿಯಲ್ಲಿ ಎಲೆಯಡಿಕೆ, ಮಾತಿಗೊಮ್ಮೆ ನಗೆ. ಹುಲ್ಲಿನ ಅಂಚಿಗೆ ಬಂದು ನಿಂತೆವು. ನಾನು ಅಪ್ಪನ ಅಂಗಿಯ ತುದಿ ಹಿಡಿದಿದ್ದೆ. ನಡುವಿನ ದಿಬ್ಬದ ಮೇಲೆ ಬಿಳಿಯದೇನೋ ನಿಂತಿತ್ತು. ಹೇಳುತ್ತಿದ್ದಂತೆಯೇ ಇತ್ತು, ತಲೆ ಇರಲಿಲ್ಲ, ಉಬ್ಬುತ್ತಿತ್ತು. ಹೂಂ ಎಂದಿತು. ಆ ದನಿ ನನ್ನ ಅಂಗಾಲಿನಿಂದ ಏರಿತು. ಯಾರೋ ಮಗು ಅಳತೊಡಗಿತು. ಅಪ್ಪ ಮಾಳವ್ವನನ್ನು ಮುಂದೆ ಕರೆದು ದುರ್ಬೀನನ್ನು ಅವಳ ಕಣ್ಣಿಗೆ ಹಿಡಿದರು. ಅವಳು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ, "ಸರ್ರ, ಇದು ಹಕ್ಕಿ ಐತ್ರಿ! ಭೂತಕ್ಕ ಗಂಟಲ ಬಾತಂಗ ಐತ್ರಿ!" ಎಂದು ಕೂಗಿ ನಕ್ಕಳು.

ನಾನೂ ನೋಡಿದೆ. ಬಿರಿದ ಗಾಜಿನಲ್ಲಿ ಅದು ಎರಡು ಹೋಳಾಗಿ ಕಂಡಿತು. ಆಳಿನ ಸೊಂಟಕ್ಕಿಂತ ತುಸು ಎತ್ತರ, ಕಂದು ಬೆನ್ನು, ತಲೆಯ ಮೇಲೆ ಕಪ್ಪು ಟೊಪ್ಪಿಗೆ. ಗಂಟಲಿನಿಂದ ಒಂದು ಬಿಳಿಯ ಚೀಲ ಇಳಿಬಿದ್ದು ಕಾಲಿನವರೆಗೂ ಉಬ್ಬಿತ್ತು, ಬಾಲವನ್ನು ಬೆನ್ನ ಮೇಲೆ ಮಗುಚಿಕೊಂಡಿತ್ತು. ಹೆಣ್ಣನ್ನು ಕರೆಯುತ್ತಿದೆ ಎಂದು ಅಪ್ಪ ಹೇಳಿದರು. ಅದಕ್ಕೆ ಗಂಡಸರು ಇನ್ನಷ್ಟು ನಕ್ಕರು. "ಇಷ್ಟ ದಿನ ಈ ಕೋಳಿಗೆ ಅಂಜಿ ಧೋತ್ರ ಒದ್ದಿ ಮಾಡ್ಕೊಂಡ್ವೇನ್ರಿ ಮಾಸ್ತರ?" ಎಂದು ರಾಜೇಸಾಬ ಕೇಳಿದ. ಇಡೀ ಬಯಲು ನಗೆಯಿಂದ ತುಂಬಿತು. ಹಕ್ಕಿ ಚೀಲವನ್ನು ಒಳಗೆ ಎಳೆದುಕೊಂಡು, ತಲೆ ಎತ್ತಿ ನಮ್ಮನ್ನು ನೋಡಿ, ಅವಸರವಿಲ್ಲದ ಹೆಜ್ಜೆಯಲ್ಲಿ ಹುಲ್ಲಿನೊಳಗೆ ಹೋಯಿತು. ಅಪ್ಪ ಕನ್ನಡಕ ತೆಗೆದು ಒರೆಸುತ್ತ, "ಕಣ್ಣಿಲೆ ನೋಡಿದ್ದಕ್ಕ ಯಾರೂ ಅಂಜಬಾರ್ದು" ಎಂದರು. ಆ ಮಾತನ್ನು ಮರುದಿನ ಶಾಲೆಯ ಹಲಗೆಯ ಮೇಲೂ ಬರೆಸಿದರು. ಮಾಳವ್ವ ಶಾಲೆಗೆ ಬಂದಳು. ಅವಳ ಹಿಂದೆ ಹಟ್ಟಿಯ ಉಳಿದ ಹುಡುಗಿಯರೂ ಬಂದರು. ಇದು ಸಣ್ಣ ಮಾತಲ್ಲ, ಇದನ್ನು ನಾನು ಎಂದೂ ಸಣ್ಣದು ಎನ್ನಲಾರೆ.

ಆ ಸಂಜೆ ಆಯಿ ಉಣ್ಣಲಿಲ್ಲ. ಅಪ್ಪ ಪಡಸಾಲೆಯ ಅಂಚಿನಲ್ಲಿ ಕೂತು ಎಷ್ಟು ತಿಳಿಸಿ ಹೇಳಿದರೂ ಅವಳಿಗೆ ಹಕ್ಕಿಯ ಮಾತು ಕಿವಿಗೆ ಬೀಳಲಿಲ್ಲ. "ನಾವು ಉಣ್ಣಾಕ ಹಾಕಿದ್ದು. ಅದರ ಮುಂದ ನಿಂತು ಹಲ್ಲ ಕಿಸಿದು ಬಂದ್ರೇನೋ" ಎಂದಳು. "ಅದು ಹಕ್ಕಿ ಐತಬೇ" ಎಂದರು ಅಪ್ಪ. "ಹಕ್ಕ್ಯಾಗಿ ಕಂಡೈತಿ ನಿಮಗ. ನಾಳೆ ಮತ್ತೇನಾಗಿ ಕಾಣತೈತೋ" ಎಂದು ಗೋಡೆಯ ಕಡೆಗೆ ತಿರುಗಿ ಮಲಗಿದಳು. ಭೀಮಪ್ಪ ಕಾಕಾ ಎತ್ತಿಗೆ ಮೇವು ಹಾಕುತ್ತ ಎಲ್ಲವನ್ನೂ ಕೇಳುತ್ತಿದ್ದರು. ಅವರು ಹುಲ್ಲುಬನ್ನಿಗೆ ಬಂದಿರಲಿಲ್ಲ. ಊರಿನಲ್ಲಿ ಬಾರದೆ ಉಳಿದ ಗಂಡಸು ಬಹುಶಃ ಅವರೊಬ್ಬರೇ. ಅವರು ಆಮೇಲೂ ಎಳ್ಳಮಾವಾಸ್ಯೆಗೆ ಆಯಿಯ ಪಕ್ಕದಲ್ಲಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು.

ಅಲ್ಲಿಂದ ಕೆಲವು ಚೈತ್ರಗಳು ನನ್ನ ಬಾಳಿನ ಒಳ್ಳೆಯ ಕಾಲ. ನಸುಕಿನಲ್ಲಿ ಅಪ್ಪ ನನ್ನನ್ನು ಎಬ್ಬಿಸುತ್ತಿದ್ದರು. ಅವ್ವ ಕೊಟ್ಟ ಬಿಸಿ ಚಹಾ ಕುಡಿದು, ಇಬ್ಬರೂ ಮಾತಿಲ್ಲದೆ ಹಳ್ಳದ ದಂಡೆಗೆ ನಡೆದು, ಒಂದು ಬನ್ನಿ ಗಿಡದ ಕೆಳಗೆ ಕೂರುತ್ತಿದ್ದೆವು. ಇಬ್ಬನಿಯಿಲ್ಲದ ಒಣ ನಸುಕು, ಹುಲ್ಲಿನ ಸಿಹಿ ವಾಸನೆ, ಎಲ್ಲೋ ಗೌಜಲಕ್ಕಿಯ ಜೋಡಿ ಒಂದಕ್ಕೊಂದು ಉತ್ತರ ಕೊಡುವ ಸದ್ದು. ಹೆಣ್ಣು ಎರೆಭೂತ ಗಂಡಿಗಿಂತ ಚಿಕ್ಕದು, ವರ್ಷಕ್ಕೊಂದೇ ಮೊಟ್ಟೆ, ಅದೂ ಬರಿಯ ನೆಲದ ಮೇಲೆ. ಅಪ್ಪ ಎಲ್ಲಿಂದಲೋ ಪುಸ್ತಕ ತರಿಸಿ ಓದಿ ನನಗೆ ಹೇಳುತ್ತಿದ್ದರು. ಕ್ರಮೇಣ ಸುದ್ದಿ ಹರಡಿ ಬಾಗಲಕೋಟೆಯ ಕಡೆಯಿಂದ ಹಕ್ಕಿ ನೋಡುವವರು ಬರತೊಡಗಿದರು. ಬಾದಾಮಿಯ ಗುಡ್ಡದಲ್ಲಿ ಒಂದು ದಿನ, ನಮ್ಮ ಎರೆಯಲ್ಲಿ ಒಂದು ದಿನ. ಅಮೀನಗಡದ ಕರದಂಟು ತಂದು ನಮಗೆ ಕೊಡುತ್ತಿದ್ದರು. ಜೀಪನ್ನು ಹುಲ್ಲಿನೊಳಗೇ ಒಯ್ದು ನಿಲ್ಲಿಸುತ್ತಿದ್ದರು. ಕ್ಯಾಮೆರಾದವರಿಗೆ ಹತ್ತಿರದಿಂದ ಬೇಕಿತ್ತು. ಅವರಲ್ಲೊಬ್ಬರು ಅಪ್ಪನ ಕೈ ಹಿಡಿದು, ಇಂಥ ನೆಲ ಉಳಿಯಬೇಕಾದರೆ ಜನರಲ್ಲಿ ಜಾಗೃತಿ ಮೂಡಿಸಬೇಕು, ನೀವು ಆ ಕೆಲಸ ಮಾಡಿದ್ದೀರಿ ಎಂದರು. ಮುಂದೆ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುವಾಗ ಎಷ್ಟೋ ಸಭೆಗಳಲ್ಲಿ ಈ ಮಾತನ್ನು ಮತ್ತೆ ಮತ್ತೆ ಕೇಳಿದ್ದೇನೆ. ಎಲ್ಲರೂ ತಲೆದೂಗುತ್ತಾರೆ. ನಮ್ಮ ಊರಿನಲ್ಲಿ ಜಾಗೃತಿ ಮೂಡಿತ್ತು.

ಅಂಜಿಕೆ ಹೋದ ಮೇಲೆ ಜನ ಅಲ್ಲಿಗೆ ಹೋಗತೊಡಗಿದರು. ಸಂಜೆ ಹುಡುಗರು ಬುರ್ಲಿಗೆ ಬಲೆ ಹಾಕಿದರು, ಇಸ್ಪೀಟು ಆಡಲು ಹೋದರು. ಒಂದು ಸಲ ಯಾರೋ ಮುಷ್ಟಿಗಿಂತ ದೊಡ್ಡದೊಂದು ಮೊಟ್ಟೆ ತಂದು ಚಹಾದಂಗಡಿಯ ಕಟ್ಟೆಯ ಮೇಲಿಟ್ಟು, ಭೂತದ ಆಮ್ಲೆಟ್ ಎಂದು ಕೂಗಿದರಂತೆ. ಅಪ್ಪ ಓಡಿ ಹೋಗುವಷ್ಟರಲ್ಲಿ ಅದು ಬಾಣಲೆಯಲ್ಲಿತ್ತು. ಅಷ್ಟರಲ್ಲಿ ರಾಜೇಸಾಬನ ಟ್ರ್ಯಾಕ್ಟರಿಗೆ ಆಳವಾಗಿ ಹೊಡೆಯುವ ಕಬ್ಬಿಣದ ರಂಟೆ ಬಂತು. ಎತ್ತಿಗೆ ಜಗ್ಗದ ಬೇರು ಅದಕ್ಕೆ ಜಗ್ಗಿತು. ಮೊದಲು ಊರಿನ ಕಡೆಯ ಅಂಚಿನವರು ಹೊಡೆಸಿದರು, ಮರುವರ್ಷ ಅವರ ಪಕ್ಕದವರು. ಹೊಸ ನೆಲದಲ್ಲಿ ಕಡಲೆ ಸೊಂಪಾಗಿ ಬಂತು. ಕೊನೆಗೆ ನಮ್ಮ ಅರ್ಧ ಮಾತ್ರ ಹಳ್ಳದ ದಂಡೆಗೆ ಅಂಟಿಕೊಂಡು ಉಳಿಯಿತು. ಕಾಕಾ ಒಂದು ದಿನ ಉಣ್ಣುವಾಗ ಆ ಮಾತು ತೆಗೆದರು. ಅಪ್ಪ ರೊಟ್ಟಿಯ ಮೇಲಿನಿಂದ ಕೈ ತೆಗೆದು, ಅಲ್ಲಿ ಇನ್ನೂ ಒಂದು ಗಂಡು ಇದೆ, ಎರಡು ಹೆಣ್ಣು ಇವೆ ಎಂದು ಹೇಳಿದರು. ಕಾಕಾ ತಲೆ ಎತ್ತದೆ, "ನಿನಗ ಹಕ್ಕಿ ನೋಡ್ಕೋತ ಕುಂತ್ರೂ ಪಗಾರ ಬರ್ತೈತಿ ಅಣ್ಣಾ. ನನಗ ಬರೂದಿಲ್ಲ" ಎಂದರು. ಅವ್ವ ಎದ್ದು ಎಲ್ಲರಿಗೂ ಮಜ್ಜಿಗೆ ಬಡಿಸಿದಳು.

ಪಾಲಿನ ಮಾತು ಬಂದಾಗ ಅಪ್ಪ ಬೇರೇನೂ ಕೇಳಲಿಲ್ಲ. ನೀರಾವರಿಯ ತುಂಡು, ಎತ್ತು, ಬಂಡಿ ಎಲ್ಲ ತಮ್ಮನಿಗಿರಲಿ, ನನಗೆ ಹುಲ್ಲುಬನ್ನಿ ಕೊಡು ಎಂದು ಆಯಿಯನ್ನು ಕೇಳಿದರು. ಆಯಿ ಕೊಡಲಿಲ್ಲ. ಅದನ್ನು ಕಾಕಾನ ಪಾಲಿಗೆ ಹಾಕಿಸಿದಳು. ಯಾಕೆಂದು ಅಪ್ಪ ಕೇಳಿದಾಗ, "ನೀ ನಕ್ಕಾಂವ. ಅಂವಾ ಇನ್ನೂ ಅಂಜ್ತಾನ" ಎಂದಳು. ಅಂಜುವವನು ರಂಟೆ ಹೂಡುವುದಿಲ್ಲ ಎಂಬುದು ಅವಳ ಲೆಕ್ಕ. ಪಡಸಾಲೆಯ ನಡುವೆ ಗೋಡೆ ಎದ್ದಿತು. ಒಲೆ ಎರಡಾದವು. ನಾವು ಮಕ್ಕಳು ಆ ಗೋಡೆಯ ಎರಡೂ ಕಡೆ ನಿಂತು ತಟ್ಟಿ ಆಟವಾಡುತ್ತಿದ್ದೆವು, ಆಮೇಲೆ ಅದನ್ನೂ ಬಿಟ್ಟೆವು. ಆಯಿ ಕಾಕಾನ ಕಡೆಗೆ ಉಳಿದಳು. ಮರುವರ್ಷದ ಚಳಿಗಾಲದಲ್ಲಿ ಅಲ್ಲಿಯೇ ತೀರಿಕೊಂಡಳು.

ಅವಳು ಹೋದ ಮೇಲಿನ ಬೇಸಿಗೆಯಲ್ಲಿ ಕಾಕಾ ಹುಲ್ಲುಬನ್ನಿ ಹೊಡೆಸುತ್ತಾರೆ ಎಂಬ ಸುದ್ದಿ ಗೋಡೆ ದಾಟಿ ಬಂತು. ರಾಜೇಸಾಬನಿಗೆ ಹೇಳಿಯಾಗಿತ್ತು. ಅಪ್ಪ ಚಹಾದಂಗಡಿಗೆ ಹೋದರು. ನಾನು ಸಕ್ಕರೆ ತರಲು ಅಲ್ಲಿಗೇ ಹೋಗಿದ್ದೆ, ಆದ್ದರಿಂದ ಆ ಮಾತನ್ನು ನನ್ನ ಕಿವಿಯಿಂದಲೇ ಕೇಳಿದೆ. ಅಪ್ಪ ಕಪ್ಪನ್ನು ಕೈಯಲ್ಲಿ ಹಿಡಿದು, ಯಾರ ಮುಖವನ್ನೂ ನೋಡದೆ, ಆ ನೆಲದಲ್ಲಿ ಏನೋ ಇದೆ, ಹಕ್ಕಿ ಬೇರೆ, ಅದು ಬೇರೆ, ನಾನೇ ಕಂಡಿದ್ದೇನೆ, ಅದಕ್ಕೆ ರಂಟೆ ತಾಗಿಸಬಾರದು ಎಂದರು. ಜೀವನದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದವರು, ಬಹಳ ಕೆಟ್ಟದಾಗಿ ಹೇಳಿದರು. ಅವರದೇ ಹಳೆಯ ವಿದ್ಯಾರ್ಥಿಯೊಬ್ಬ, "ಕಣ್ಣಿಲೆ ನೋಡಿದ್ದಕ್ಕ ಅಂಜಬಾರ್ದರಿ ಸರ್ರ" ಎಂದ. ಹಲಗೆಯ ಮೇಲೆ ಬರೆದದ್ದನ್ನು ಒಪ್ಪಿಸುವ ಧಾಟಿಯಲ್ಲೇ ಅಂದ. ಎಲ್ಲರೂ ನಕ್ಕರು. ರಾಜೇಸಾಬ ಮಾತ್ರ ನಗಲಿಲ್ಲ. ಅಪ್ಪನ ಹತ್ತಿರ ಸರಿದು, ತಗ್ಗಿದ ದನಿಯಲ್ಲಿ, "ಮಾಸ್ತರ, ನೀವ ಬಿಡಿಸಿದ ಭೂತ, ನೀವ ಮತ್ತ ಹಚ್ಚಾಕ ಬಂದ್ರ ಹೆಂಗರಿ? ನಾ ಹೊಡಿಲಿಕ್ಕಂದ್ರ ಗುಡೂರಿನ ಟ್ರ್ಯಾಕ್ಟರ್ ಬರ್ತೈತಿ" ಎಂದ.

ಆ ವಾರದ ಒಂದು ಸಂಜೆ ನಾನು ಮಾಳಿಗೆಯ ಮೇಲೆ ಒಣಹಾಕಿದ್ದ ಹಪ್ಪಳ ತೆಗೆಯುತ್ತಿದ್ದೆ. ಹಳ್ಳದ ಕಡೆಯಿಂದ ಹೂಂ ಎಂದಿತು. ಹಿಂದಿನ ಚೈತ್ರದಲ್ಲಿ ನಾವು ಅದನ್ನು ಒಂದೇ ಸಲ ಕೇಳಿದ್ದೆವು, ಈ ವರ್ಷ ಅಲ್ಲಿಯವರೆಗೂ ಕೇಳಿರಲಿಲ್ಲ. ಉಸಿರು ಹಿಡಿದು ನಿಂತೆ. ಮತ್ತೆ ಹೂಂ ಎಂದಿತು. ಹಕ್ಕಿ ಬದುಕಿದೆ. ಹಪ್ಪಳದ ಬುಟ್ಟಿಯನ್ನು ಅಲ್ಲೇ ಬಿಟ್ಟು ಏಣಿ ಇಳಿದು ಬಾಗಿಲಲ್ಲಿ ಅಪ್ಪನನ್ನು ಕಾದೆ. ಅವರು ಕತ್ತಲಾದ ಮೇಲೆ ಬಂದರು. "ಅಪ್ಪಾ, ಬಂದೈತಿ! ನಾ ಕೇಳಿದ್ನಿ!" ಎಂದೆ. ಅಪ್ಪ ನನ್ನನ್ನು ನೋಡಿ, "ಹೌದೇನು" ಎಂದು ಮಾತ್ರ ಹೇಳಿ ಕಾಲು ತೊಳೆಯಲು ಹೋದರು. ಮರುದಿನ ಸಂಜೆಯೂ ಕೇಳಿತು, ಅದರ ಮರುದಿನವೂ. ಗೋಡೆಯ ಆಚೆ ಕಾಕಾನ ಮನೆಯಲ್ಲಿ ಬಾಗಿಲು ಬೇಗ ಮುಚ್ಚತೊಡಗಿತು. ಕಾಕೂ ದೇವರಿಗೆ ಊದುಬತ್ತಿ ಹಚ್ಚಿದ ವಾಸನೆ ನಮ್ಮ ಕಡೆಗೆ ಬರುತ್ತಿತ್ತು. ನನಗೆ ಖುಷಿಯಾಗಿತ್ತು. ಅಷ್ಟು ಖುಷಿ ನನಗೆ ಆಮೇಲೆ ಆದದ್ದು ನೆನಪಿಲ್ಲ.

ಆಯಿ ಲೆಕ್ಕ ಹಾಕಿದ್ದು ತಪ್ಪಾಗಿತ್ತು. ಅಂಜುವವನು ರಂಟೆ ಹೂಡುವುದಿಲ್ಲವೆಂದಲ್ಲ, ಅಂಜಿಕೆಗೆ ಮದ್ದು ಹುಡುಕಿಕೊಂಡು ಆಮೇಲೆ ಹೂಡುತ್ತಾನೆ. ಕಾಕಾ ಬೀರಪ್ಪನ ಪೂಜಾರಿಯನ್ನು ಕರೆಸಿದರು. ಭಂಡಾರ ಎರಚಿ, ಹುಲ್ಲುಬನ್ನಿಯ ನಾಲ್ಕೂ ಮೂಲೆಗೆ ಕಬ್ಬಿಣದ ಮೊಳೆ ಬಡಿದು ಭೂತವನ್ನು ಕಟ್ಟಿಹಾಕುವುದೆಂದು ಗೊತ್ತಾಯಿತು. ಅದು ಹೊತ್ತು ಮುಳುಗುವಾಗ, ಭೂತ ಕೂಗುವಾಗಲೇ ಆಗಬೇಕಂತೆ. ಪೂಜಾರಿ, ಕಾಕಾ, ರಾಜೇಸಾಬ, ಬ್ಯಾಟರಿ ಹಿಡಿದ ಹತ್ತಾರು ಮಂದಿ ಹೊರಟರು. ನಾನು ಹಕ್ಕಿಗೆ ಕಲ್ಲು ಹೊಡೆದಾರೆಂದು ಅಂಜಿ ಅವರ ಹಿಂದೆ ಓಡಿದೆ. ಡೊಳ್ಳಿನವನೊಬ್ಬ ಬಂದಿದ್ದ, ಅವನು ಬಾರಿಸುವ ಮೊದಲೇ ಹೂಂ ಎಂದಿತು. ಬಹಳ ಹತ್ತಿರದಿಂದ. ಪೂಜಾರಿ ಭಂಡಾರ ಎರಚಿ ಕೂಗಿದ. ಎಲ್ಲ ಬ್ಯಾಟರಿಗಳ ಬೆಳಕೂ ಒಂದೇ ಕಡೆಗೆ ತಿರುಗಿತು.

ಹುಲ್ಲಿನಲ್ಲಿ ಅಪ್ಪ ಕುಕ್ಕರಗಾಲಿನಲ್ಲಿ ಕೂತಿದ್ದರು. ಶಾಲೆಗೆ ಹಾಕುವ ಬಿಳಿ ಅಂಗಿ. ಎರಡೂ ಕೈಯಲ್ಲಿ ಅವ್ವನ ಹಳೆಯ ಮಜ್ಜಿಗೆ ಗಡಿಗೆ, ಅದರ ಬಾಯಿ ಅವರ ಬಾಯಿಯ ಹತ್ತಿರ. ಬೆಳಕಿಗೆ ಕಣ್ಣು ಕಿರಿದಾಗಿಸಿ, ಯಾರೆಂದು ತಿಳಿಯದೆ, ಅವರು ನಮ್ಮ ಕಡೆ ನೋಡಿದರು. ಹಣೆಯ ಮೇಲೆ, ಕನ್ನಡಕದ ಗಾಜಿನ ಮೇಲೆ ಹಳದಿ ಭಂಡಾರ ಬಿದ್ದಿತ್ತು. ಮೊದಲು ನಕ್ಕವನು ಡೊಳ್ಳಿನವನು. ಆಮೇಲೆ ಎಲ್ಲರೂ. ನಕ್ಕು ನಕ್ಕು ಕೆಲವರು ಹುಲ್ಲಿನಲ್ಲೇ ಕೂತುಬಿಟ್ಟರು. "ಮೊಳಿ ಎಲ್ಲಿ ಬಡೀಬೇಕ್ರಿ ಪೂಜಾರರ? ಮಾಸ್ತರ ತಲಿ ಮ್ಯಾಲೇನ್ರಿ?" ಎಂದು ಯಾರೋ ಕೇಳಿದರು. ಕಾಕಾ ಮಾತ್ರ ಮುಂದೆ ಬಂದು ನಿಂತರು. "ಅಣ್ಣಾ" ಎಂದರು. ಮತ್ತೆ, "ನನ್ನ ಅಂಜಸಾಕಂತ?" ಎಂದರು. ಅಪ್ಪ ಗಡಿಗೆಯನ್ನು ಮೆಲ್ಲಗೆ ನೆಲದ ಮೇಲಿಟ್ಟರು. ಊರಿನಲ್ಲಿ ಆ ನೆಲಕ್ಕೆ ಅಂಜುತ್ತಿದ್ದ ಕೊನೆಯ ಮನುಷ್ಯ ಅವರ ಮುಂದೆ ನಿಂತು ಅಳುತ್ತಿದ್ದ. ಆ ಸಂಜೆಯಿಂದ ಅವನೂ ಅಂಜಲಿಲ್ಲ.

ಮರುದಿನ ಬೆಳಿಗ್ಗೆಯೇ ಹೊಡೆಸಿದರು. ರಾಜೇಸಾಬ ತಾನು ಬರದೆ ತನ್ನ ತಮ್ಮನನ್ನು ಕಳಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಬೇರುಗಳು ಬಿಳಿಯ ಹೊಟ್ಟೆ ಮೇಲಾಗಿ ಬಿಸಿಲಿಗೆ ಬಿದ್ದಿದ್ದವು, ಅವುಗಳ ಮೇಲೆ ಟಿಟ್ಟಿಭಗಳು ಸುತ್ತು ಹಾಕಿ ಅರಚುತ್ತಿದ್ದವು. ಎರೆಭೂತ ಆ ಹೊತ್ತಿಗೆ ಅಲ್ಲಿ ಇತ್ತೋ, ಹಿಂದಿನ ವರ್ಷವೇ ಹೋಗಿತ್ತೋ, ನನಗೆ ಗೊತ್ತಿಲ್ಲ. ಇಲ್ಲದ ಹಕ್ಕಿಗಾಗಿ ಅಪ್ಪ ಕೂಗಿದ್ದರೂ ಕೂಗಿದ್ದಿರಬಹುದು. ಆ ಮೇಲೆ ಊರಿನಲ್ಲಿ ಅವರನ್ನು ಮಾಸ್ತರ ಎಂದು ಕರೆಯುವವರು ಕಡಿಮೆಯಾದರು. ಮೊದಲು ಹಿಂದಿನಿಂದ, ಆಮೇಲೆ ಎದುರಿಗೇ, ಎರಿಬೂತ ಎಂದರು. ಕೆಲವು ವರ್ಷಗಳಲ್ಲಿ ಅದರ ಚೇಷ್ಟೆಯೂ ಸವೆದುಹೋಗಿ ಅದು ಬರಿಯ ಹೆಸರಾಯಿತು. ಎರಿಬೂತ ಸರ್ರ ಮನಿ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಿದ್ದರು. ಅಪ್ಪ ಅದಕ್ಕೆ ಓಗೊಡುತ್ತಿದ್ದರು. ದುರ್ಬೀನನ್ನು ಮತ್ತೆ ತೆಗೆಯಲಿಲ್ಲ. ನಿವೃತ್ತರಾದ ಮೇಲೆ ಅವ್ವನೊಂದಿಗೆ ನನ್ನ ಹತ್ತಿರ ಧಾರವಾಡಕ್ಕೆ ಬಂದರು, ಅಲ್ಲಿಯೇ ತೀರಿಕೊಂಡರು. ಕಾಕಾ ಬಂದು ಹೆಗಲು ಕೊಟ್ಟರು. ಇಬ್ಬರೂ ಆ ಸಂಜೆಯ ನಂತರ ಒಬ್ಬರೊಡನೊಬ್ಬರು ಮಾತಾಡಿರಲಿಲ್ಲ. ಊರಿನ ಮನೆಯ ನಮ್ಮ ಪಾಲು ಎರಡು ಮಳೆಗಾಲಕ್ಕೆ ಕುಸಿಯಿತು. ನಡುವಿನ ಗೋಡೆ ಮಾತ್ರ ಇನ್ನೂ ನಿಂತಿದೆಯಂತೆ, ಅದನ್ನು ಇಟ್ಟಂಗಿಯಲ್ಲಿ ಕಟ್ಟಿದ್ದರು.

ಅದನ್ನು ಒಮ್ಮೆ ನೋಡಿ ಬರಲೆಂದು ಹೊರಟು, ಕಳೆದ ಚೈತ್ರದ ಆ ದಿನ ನಾನು ಗುಡೂರಿನಲ್ಲಿ ಇಳಿದಾಗ ಸಂಜೆಯಾಗಿತ್ತು, ಊರಿನ ಟಂಟಂ ಆಟೊ ಹೋಗಿಬಿಟ್ಟಿತ್ತು. ಕಾಲೇಜಿನ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಸ್ಕೂಟಿ ನಿಲ್ಲಿಸಿ ನನ್ನ ಮುಖ ನೋಡಿದಳು. "ನೀವು ಎರಿಬೂತ ಸರ್ರ ಮಗಳಲ್ಲೇನ್ರಿ ಅಕ್ಕಾ? ನಾ ಹಟ್ಟಿಯಾಕಿ, ಮಾಳವ್ವನ ತಮ್ಮನ ಮಗಳು. ಹತ್ರಿ, ಬಿಡ್ತೇನಿ" ಎಂದಳು. ಮಾಳವ್ವ ಇಳಕಲ್ಲಿನ ದವಾಖಾನೆಯಲ್ಲಿ ನರ್ಸ್ ಆಗಿದ್ದಾಳೆ. "ಸರ್ರು ಇರ್ಲಿಕ್ಕಂದ್ರ ನಮ್ಮ ಮನ್ಯಾಗ ಯಾರೂ ಸಾಲಿ ಮೆಟ್ಲ ಹತ್ತತಿರ್ಲಿಲ್ಲಂತ್ರಿ. ಮಾಳವ್ವತ್ತಿ ದಿನಾ ಅಂತಾಳ" ಎಂದು ಹುಡುಗಿ ಗಾಳಿಗೆ ಕೂಗಿ ಹೇಳುತ್ತಿದ್ದಳು. ದಾರಿಯ ಎರಡೂ ಬದಿಗೆ ಹತ್ತಿಯ ಒಣ ಕಟ್ಟಿಗೆ, ಆಮೇಲೆ ರಂಟೆ ಹೊಡೆದ ಎರೆ. ಸ್ವಲ್ಪ ದೂರ ಹೋದ ಮೇಲೆ ಅವಳು ಕೇಳಿದಳು, "ಸರ್ರಿಗೆ ಎರಿಬೂತ ಅಂತ ಯಾಕ ಅಂತಿದ್ರರಿ ಅಕ್ಕಾ?"

ಹೇಳಬಹುದಿತ್ತು. ಹಕ್ಕಿ ಎಂದರೆ ಯಾವ ಹಕ್ಕಿ ಎಂದು ಕೇಳುತ್ತಿದ್ದಳು, ಅದು ಹೇಗಿತ್ತು, ಎಲ್ಲಿ ಹೋಯಿತು ಎಂದು ಕೇಳುತ್ತಿದ್ದಳು. ಹಾಗೆ ಹೇಳುತ್ತ ಹೋದರೆ ಮಾಳವ್ವನ ನಗೆಗೂ ಅವಳ ಬೆನ್ನಿನ ಮೇಲಿನ ಚೀಲಕ್ಕೂ ಬರಬೇಕಾಗುತ್ತಿತ್ತು. "ಅವರ ದನಿ ಭಾಳ ದೊಡ್ಡದಿತ್ತವಾ" ಎಂದೆ.

"ಹೌದಂತ್ರಿ. ಹಳ್ಳ ದಾಟಿ ನಮ್ಮ ಹಟ್ಟಿತನಾ ಕೇಳ್ತಿತ್ತಂತ" ಎಂದಳು.

ಊರ ಬಾಗಿಲಲ್ಲಿ ನನ್ನನ್ನು ಇಳಿಸಿದಳು. ಒಳಗೆ ಬಂದು ಚಹಾ ಕುಡಿಯೆಂದು ಕರೆಯಲು ನನಗೆ ಅಲ್ಲಿ ಮನೆಯಿರಲಿಲ್ಲ. "ಹೋಗಿ ಬರ್ತೇನ್ರಿ ಅಕ್ಕಾ" ಎಂದು ದೀಪ ಹಾಕಿಕೊಂಡು, ಮೂಡಣದ ದಾರಿ ಹಿಡಿದಳು. ಹೊತ್ತು ಪೂರ್ತಿ ಮುಳುಗಿತ್ತು. ಹುಲ್ಲುಬನ್ನಿ ಎಲ್ಲಿಂದ ಶುರುವಾಗುತ್ತಿತ್ತೆಂದು ಗುರುತಿಸಲು ನೋಡಿದೆ, ಆಗಲಿಲ್ಲ. ಒಂದೇ ಕಪ್ಪು ನೆಲ, ಅದರ ಮೇಲೆ ಒಂದೇ ಸಣ್ಣ ಬೆಳಕು. ಹಟ್ಟಿಯ ಹುಡುಗಿ ಒಬ್ಬಳೇ, ಏನೋ ಹಾಡು ಗುನುಗುತ್ತ, ಯಾವ ಅವಸರವೂ ಇಲ್ಲದೆ, ಆ ನೆಲವನ್ನು ದಾಟಿ ಹೋದಳು.